ಅಡಿಲೇಡಿಗೆ ಬರುವಾಗ ತರಬೇಕಾದದ್ದು

ಹಲ್, ಯಾರ್ಕ್‌ಶೈರ್
೧೨ ಮಾರ್ಚ್ ೧೯೬೧

ಅಮ್ಮ,

ಕ್ರಿಸ್‌ಮಸ್ ಕಾರ್ಡುಗಳನ್ನು ಬಿಟ್ಟರೆ ನಾಲ್ಕು ವರ್ಷಗಳಲ್ಲಿ ನಾನು ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಗಾಬರಿಯಾಗಬೇಡ, ಕೆಟ್ಟ ಸುದ್ದಿಯೇನಿಲ್ಲ. ನಾನು ಮದುವೆಯಾಗಬೇಕೆಂದಿದ್ದೇನೆ. ಹುಡುಗಿಯ ಹೆಸರು ಬೆರಿಲ್ ಎಸ್ಕ್ರೀಟ್. ಹೆಸಲ್ ರಸ್ತೆಯಲ್ಲಿ ಮೀನಿಗೆ ಹೊಗೆ ಹಾಕುವ ಮನೆಯಲ್ಲಿ ಕೆಲಸ ಮಾಡುತ್ತಾಳೆ. ಅವಳ ತಾಯಿ, ತಂಗಿ ಐಲೀನ್, ಅವಳು, ಮೂವರೂ ಎರಡು ಕೋಣೆಯಲ್ಲಿದ್ದಾರೆ. ನಗರಸಭೆಯ ಮನೆಗೆ ಹೆಸರು ಬರೆಸಲು ಹೋದರೆ ಗುಮಾಸ್ತ ನಕ್ಕುಬಿಟ್ಟ. ‘ಮೊದಲು ಮಕ್ಕಳು ಮಾಡ್ಕೊಂಡು ಬನ್ನಿ, ಆಮೇಲೆ ಏಳು ವರ್ಷ ಕಾಯಿರಿ’ ಎಂದ.

ಹೊರಗೆ ಬಂದರೆ ಎದುರು ಗೋಡೆಯ ಮೇಲೆ ಆಸ್ಟ್ರೇಲಿಯಾದ ಭಿತ್ತಿಪತ್ರ. ವಲಸೆ ಹೋಗುವವರಿಗೆ ಹತ್ತು ಪೌಂಡಿಗೆ ಹಡಗಿನ ಪಯಣ, ಮರದ ತುಂಬ ಕಿತ್ತಳೆ. ಬೆರಿಲ್ ಅದರ ಮುಂದೆ ನಿಂತವಳು ಕದಲಲೇ ಇಲ್ಲ. ‘ನಿಮ್ಮಮ್ಮ ಅಲ್ಲೇ ಇದಾರಲ್ವಾ? ಒಂದು ಮಾತು ಕೇಳೋಕೆ ಏನು ಕಷ್ಟ?’ ಎಂದಳು.

ಕೇಳುತ್ತಿದ್ದೇನೆ. ನನ್ನಂಥ ಬಡಗಿಗೆ ಅಲ್ಲಿ ಕೆಲಸ ಸಿಗುತ್ತದೆಯೇ? ಸೆಕೆ ನಿಜಕ್ಕೂ ಎಷ್ಟು? ಏನು ತರಬೇಕು, ಏನು ಬಿಡಬೇಕು? ಯಾರಿಗೆ ಅರ್ಜಿ ಹಾಕಬೇಕು? ಇಷ್ಟು ತಿಳಿಸಿದರೆ ಸಾಕು. ನಿನ್ನ ಗಂಡನಿಗೆ ತೊಂದರೆ ಕೊಡುವ ಅಗತ್ಯವಿಲ್ಲ.

ನೆವಿಲ್


ಎಲಿಜಬೆತ್, ದಕ್ಷಿಣ ಆಸ್ಟ್ರೇಲಿಯಾ
೨೬ ಮಾರ್ಚ್ ೧೯೬೧

ನನ್ನ ನೆವಿಲ್,

ನಾನು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ಅಂಚೆಯವನು ಬೇಲಿಯಾಚೆಯಿಂದಲೇ ‘ಹಲ್‌ನಿಂದ ಬಂದಿದೆ ನೋಡಮ್ಮಾ, ಡಿಸೆಂಬರ್ ಅಲ್ಲದಿದ್ರೂ!’ ಎಂದು ಕೂಗಿದ. ಇಲ್ಲಿ ಅಂಚೆಯವನಿಗೂ ನಮ್ಮ ಮನೆಯ ವಿಚಾರ ಗೊತ್ತು. ಕೈಲಿದ್ದ ಹಾಸು ಮಣ್ಣಿಗೆ ಬಿತ್ತು. ಮತ್ತೊಮ್ಮೆ ಒಗೆದೆ, ಸಂತೋಷವಾಗಿಯೇ ಒಗೆದೆ.

ನಿನ್ನ ಪ್ರಶ್ನೆಗಳಿಗೆ ಬರುತ್ತೇನೆ. ಕೆಲಸ ಬೇಕಾದಷ್ಟಿದೆ. ಅಡಿಲೇಡಿನ ಪಕ್ಕದ ಈ ಹೊಸ ಊರಿನಲ್ಲಿ ದಿನಕ್ಕೊಂದು ಬೀದಿ ಹುಟ್ಟುತ್ತದೆ. ಸೆಕೆಯ ಬಗ್ಗೆ ಭಿತ್ತಿಪತ್ರ ಸುಳ್ಳು ಹೇಳುವುದಿಲ್ಲ, ಪೂರ್ತಿ ನಿಜವನ್ನೂ ಹೇಳುವುದಿಲ್ಲ. ಜನವರಿಯಲ್ಲಿ ನೂರು ಡಿಗ್ರಿ ದಾಟಿದರೆ ಬೆಣ್ಣೆಯನ್ನು ಚಮಚದಲ್ಲಿ ಬಡಿಸಬೇಕು. ಆದರೆ ಜುಲೈನಲ್ಲಿ ಈ ಮನೆಗಳೊಳಗೆ ನಾನು ಹಲ್‌ನಲ್ಲಿ ನಡುಗದಷ್ಟು ನಡುಗಿದ್ದೇನೆ. ಕಟ್ಟಿದವರಿಗೆ ಚಳಿಗಾಲವೆಂಬುದು ಇದೆ ಎಂದೇ ಗೊತ್ತಿಲ್ಲ. ಉಣ್ಣೆಯ ಕಂಬಳಿಗಳನ್ನು ತನ್ನಿ. ದಪ್ಪ ಕೋಟು ತಲೆಗೊಂದು ಸಾಕು. ಹೊಲಿಗೆ ಯಂತ್ರವಿದ್ದರೆ ಬಿಡಲೇಬೇಡಿ. ಬೂಟುಗಳನ್ನು ಅಲ್ಲೇ ಕೊಂಡು, ಒಂದು ತಿಂಗಳು ಹಾಕಿ ಪಳಗಿಸಿ ತನ್ನಿ. ಪೀಠೋಪಕರಣ ಬೇಡ. ಪಕ್ಕದ ಮನೆಯ ಮಿಸೆಸ್ ಟ್ರ್ಯಾನ್ಮರ್ ಅಜ್ಜಿ ಕಾಲದ ಓಕ್ ಬೀರುವನ್ನು ಸಮುದ್ರ ದಾಟಿಸಿ ತಂದಳು. ಅದು ಬಾಗಿಲೊಳಗೆ ಹಿಡಿಸಲಿಲ್ಲ. ಈಗ ಹಿತ್ತಲಲ್ಲಿ ಅದರೊಳಗೆ ಕೋಳಿಗಳು ಮೊಟ್ಟೆಯಿಡುತ್ತವೆ.

ಯಾರಾದರೂ ಸಂಜೆ ಊಟಕ್ಕೆ ಕರೆದು ‘ಬರುವಾಗ ಒಂದು ತಟ್ಟೆ ತನ್ನಿ’ ಎಂದರೆ ತಟ್ಟೆಯಲ್ಲಿ ತಿಂಡಿ ತನ್ನಿ ಎಂದರ್ಥ. ನಾನು ಮೊದಲ ಸಲ ಖಾಲಿ ತಟ್ಟೆಗಳನ್ನು ಹಿಡಿದು ಹೋಗಿದ್ದೆ, ಪಾಪ, ಇವರ ಮನೆಯಲ್ಲಿ ಪಾತ್ರೆ ಸಾಲದು ಅಂದುಕೊಂಡು. ಹಿತ್ತಲ ಕಕ್ಕಸಿನಲ್ಲಿ ಕೂರುವ ಮುಂಚೆ ವಿಷದ ಜೇಡ ಇದೆಯೇ ಎಂದು ನೋಡಬೇಕು. ಮುಖ್ಯವಾಗಿ, ‘ನಮ್ಮೂರಲ್ಲಿ ಹೀಗಿರಲಿಲ್ಲ’ ಎಂಬ ಮಾತನ್ನು ಮೊದಲ ವರ್ಷ ಬಾಯಿಂದ ಹೊರಗೆ ಬಿಡಬಾರದು. ಮನಸ್ಸಿನಲ್ಲಿ ಎಷ್ಟು ಸಲ ಬೇಕಾದರೂ ಹೇಳಿಕೊಳ್ಳಬಹುದು.

ಅರ್ಜಿಗೆ ಸುಲಭದ ದಾರಿ ಎಂದರೆ ಇಲ್ಲಿರುವ ಸಂಬಂಧಿಕರು ನಿಮ್ಮ ಹೆಸರು ಸೂಚಿಸುವುದು. ಆಗ ಹೊಸದಾಗಿ ಬಂದವರನ್ನು ಇರಿಸುವ ತಗಡಿನ ಹಾಸ್ಟೆಲ್ ವಾಸ ತಪ್ಪುತ್ತದೆ. ಫಾರಂ ನಾಲ್ಕು ಪುಟ. ಮೂರನೇ ಪುಟದಲ್ಲಿ, ಬಂದವರಿಗೆ ವಸತಿ ಕೊಡುತ್ತೇನೆಂದು ಮನೆಯ ಯಜಮಾನ ಸಹಿ ಹಾಕಬೇಕು. ಮನೆ ಸಿರಿಲ್ ಹೆಸರಿನಲ್ಲಿದೆ. ನಾನು ಕೇಳಿದರೆ ಅವನು ಒಂದು ನಿಮಿಷವೂ ಯೋಚಿಸದೆ ಹಾಕುತ್ತಾನೆ. ಅದಕ್ಕೇ ನಾನು ಕೇಳುವುದಿಲ್ಲ. ನೀನು ಕೇಳಬೇಕು, ಮಗು. ಅಂದು ಅವನಿಗೆ ಅಷ್ಟು ಹೇಳಿದವನು ಇಷ್ಟನ್ನೂ ಹೇಳಬಲ್ಲೆ.

ನೀಲಿ ಕಾಗದ ತುಂಬಿತು, ಅಂಚಿನಲ್ಲಿ ಬರೆಯುತ್ತಿದ್ದೇನೆ. ಬೆರಿಲ್ ಎಂಬ ಹೆಸರು ಚೆನ್ನಾಗಿದೆ.

ಅಮ್ಮ


ಹಲ್
೭ ಮೇ ೧೯೬೧

ಶ್ರೀ ಸಿರಿಲ್ ಪ್ಲಾಕ್ಸ್‌ಟನ್ ಅವರಿಗೆ,

ಈ ಕಾಗದವನ್ನು ಐದು ಸಲ ಬರೆದು ಹರಿದಿದ್ದೇನೆ. ಆರನೆಯದನ್ನು ಬೆರಿಲ್ ಕೈಗೆ ಕೊಟ್ಟುಬಿಡುತ್ತೇನೆ, ಅವಳೇ ಅಂಚೆ ಪೆಟ್ಟಿಗೆಗೆ ಹಾಕಲಿ.

೧೯೫೭ರಲ್ಲಿ ಸೌತಾಂಪ್ಟನ್ನಿನಲ್ಲಿ, ಹಡಗಿನ ಮೆಟ್ಟಿಲ ಬಳಿ, ಸೂಟ್‌ಕೇಸು ಕೈಲಿ ಹಿಡಿದುಕೊಂಡೇ ನಾನು ನಿಮಗೆ ಒಂದು ಮಾತು ಹೇಳಿದೆ. ನನ್ನ ಅಪ್ಪ ಯಾರೆಂದು ಗೊತ್ತಿರುವ ಒಬ್ಬರೂ ಇಲ್ಲದ ಕಡೆಗೆ ನೀವು ಅಮ್ಮನನ್ನು ಕರೆದೊಯ್ಯುತ್ತಿದ್ದೀರಿ ಎಂದೆ. ಎಲ್ಲರೂ ಕೇಳಿಸಿಕೊಂಡರು. ನೀವು ಏನೂ ಹೇಳಲಿಲ್ಲ. ನಾನು ತಿರುಗಿ ರೈಲು ಹತ್ತಲು ಹೋದೆ. ತಂಗಿ ಜಾನೆಟ್ ಅಳುವುದು ಗೇಟಿನವರೆಗೂ ಕೇಳಿಸುತ್ತಿತ್ತು.

ಆ ಮಾತು ಸುಳ್ಳೆಂದು ನನಗೆ ಈಗಲೂ ಪೂರ್ತಿ ಅನ್ನಿಸಿಲ್ಲ. ಸುಳ್ಳು ಬರೆದು ಸಹಿ ಕೇಳುವುದು ನನಗೆ ಬೇಡ. ಆದರೆ ಅದನ್ನು ಹೇಳಿದ ಜಾಗ, ಹೇಳಿದ ರೀತಿ ತಪ್ಪು. ಅಮ್ಮ ಹಡಗು ಹತ್ತುವ ಹೊತ್ತನ್ನು ನಾನು ಹಾಳುಮಾಡಿದೆ.

ಫಾರಂನ ಮೂರನೇ ಪುಟಕ್ಕೆ ನಿಮ್ಮ ಸಹಿ ಬೇಕು. ಆರು ತಿಂಗಳೊಳಗೆ ಬೇರೆ ಮನೆ ನೋಡಿಕೊಳ್ಳುತ್ತೇವೆ. ಆಗುವುದಿಲ್ಲ ಎಂದರೆ ನನಗೆ ಅರ್ಥವಾಗುತ್ತದೆ.

ನೆವಿಲ್ ವಾಡ್ಬಿ


ಎಲಿಜಬೆತ್
೧೫ ಮೇ ೧೯೬೧

ನೆವಿಲ್,

ಸಹಿ ಹಾಕಿ ಇವತ್ತೇ ಕಳಿಸಿದ್ದೇನೆ.

ನಾನು ಕಾಗದ ಬರೆಯುವವನಲ್ಲ. ಹತ್ಯಾರುಗಳ ಬಗ್ಗೆ ನಿನ್ನ ತಾಯಿಗೆ ತಿಳಿಯದು, ಅದಕ್ಕೆ ಬರೆಯುತ್ತಿದ್ದೇನೆ. ಉಳಿ, ಕೀಸುಳಿ ಎಲ್ಲವನ್ನೂ ತಾ. ಇಲ್ಲಿ ಆ ಉಕ್ಕು ಸಿಗುವುದಿಲ್ಲ. ಇಲ್ಲಿಯ ಮರ ನಮ್ಮ ಮರದಂತಲ್ಲ. ಜಾರಾ ಎಂದು ಕೆಂಪು ಮರವಿದೆ, ಒಣಗಿದರೆ ಕಬ್ಬಿಣ. ಬೆಳಿಗ್ಗೆ ಹರಿತ ಮಾಡಿದ ಗರಗಸ ಊಟದ ಹೊತ್ತಿಗೆ ಮೊಂಡು. ಹರಿತ ಮಾಡಲು ಅರಗಳನ್ನು ಜಾಸ್ತಿ ತಾ. ಎಲ್ಲವನ್ನೂ ಎಣ್ಣೆಬಟ್ಟೆಯಲ್ಲಿ ಸುತ್ತು, ಹಡಗಿನ ಉಗ್ರಾಣಕ್ಕೆ ಹಾಕಬೇಡ, ಮಲಗುವ ಕೋಣೆಗೇ ಒಯ್ಯಿ. ಉಪ್ಪುಗಾಳಿ ತಿಂದುಬಿಡುತ್ತದೆ. ಕಲಿತ ಕೆಲಸದ ಪ್ರಮಾಣಪತ್ರದ ಮೂಲಪ್ರತಿ ಬೇಕು, ನಕಲು ನಡೆಯದು. ಕೆಲಸಕ್ಕೆ ಸೇರಿದ ದಿನವೇ ಕಾರ್ಮಿಕ ಸಂಘಕ್ಕೂ ಸೇರು. ಹಲ್‌ನಲ್ಲಿ ಹೇಗೆ ಮಾಡುತ್ತಿದ್ದೆವೆಂದು ಮೇಸ್ತ್ರಿಗೆ ವಿವರಿಸಬೇಡ. ಟೋಪಿ ಹಾಕಿಕೋ. ಬಾಯಾರುವ ಮೊದಲೇ ನೀರು ಕುಡಿ.

ಅವತ್ತಿನ ಮಾತಿಗೆ ಬರುತ್ತೇನೆ. ನಿನಗೆ ಹತ್ತೊಂಬತ್ತು. ನನಗೆ ನಲವತ್ತಾಗಿತ್ತು, ಉತ್ತರ ಕೊಡಬೇಕಿತ್ತು. ಈಗ ಕೊಡುತ್ತೇನೆ. ನಿನ್ನ ಅಪ್ಪ ವಾಲ್ಟರ್‌ನ ಫೋಟೋ ನಮ್ಮ ಮುಂದಿನ ಕೋಣೆಯಲ್ಲಿದೆ. ಕಿಟಕಿಯ ಎದುರು ಹಾಕಿದರೆ ಬಿಸಿಲಿಗೆ ಮಾಸುತ್ತದೆಂದು ಪಕ್ಕದ ಗೋಡೆಗೆ ಹಾಕಿದ್ದೇನೆ. ಅವನು ಯುದ್ಧದಲ್ಲಿ ಸಮುದ್ರದಿಂದ ಶತ್ರುವಿನ ಸಿಡಿಗುಂಡು ಎತ್ತುವ ದೋಣಿಯಲ್ಲಿದ್ದ, ಅಲ್ಲೇ ಹೋದ ಎಂದು ಈ ಬೀದಿಯವರಿಗೆಲ್ಲ ಗೊತ್ತು. ದೋಣಿಯ ಹೆಸರು ಜಾನೆಟ್‌ಗೂ ಗೊತ್ತು.

ಬೈರಿಗೆ ತರಬೇಡ. ನನ್ನ ಬಳಿ ಎರಡಿವೆ.

ಸಿ. ಪ್ಲಾಕ್ಸ್‌ಟನ್


ಹಲ್
೨೦ ಆಗಸ್ಟ್ ೧೯೬೧

ಅಮ್ಮ,

ಸಂದರ್ಶನ ಚೆನ್ನಾಗಿಯೇ ಆಯಿತು. ಅಧಿಕಾರಿ ಬೆರಿಲ್‌ಳನ್ನು ‘ನೀವ್ಯಾಕೆ ಹೋಗಬೇಕು ಅಂತೀರಿ?’ ಎಂದು ಕೇಳಿದ. ‘ನನ್ನ ಕೂದಲು ಮೂಸಿ ನೋಡಿ ಸಾರ್, ಆರು ವರ್ಷದ ಮೀನಿನ ಹೊಗೆ ಇದೆ’ ಎಂದಳು. ಅವನು ನಕ್ಕು ಒಂದು ಗುರುತು ಹಾಕಿದ. ನಾವೂ ನಗುತ್ತ ಎಕ್ಸ್‌ರೇ ಕೋಣೆಗೆ ಹೋದೆವು.

ಬುಧವಾರ ಉತ್ತರ ಬಂತು. ನನಗೆ ಒಪ್ಪಿಗೆ. ಬೆರಿಲ್‌ಳ ಬಲ ಶ್ವಾಸಕೋಶದಲ್ಲಿ ಒಂದು ನೆರಳು ಕಂಡಿದೆ, ಕ್ಷಯವಲ್ಲವೆಂದು ಖಾತ್ರಿಯಾಗುವ ತನಕ ಅವಳ ಅರ್ಜಿ ಮೂಲೆಗೆ. ಅವಳು ಓದಿ ಮುಗಿಸಿ ಉಂಗುರ ಕಳಚಿ ಮೇಜಿನ ಮೇಲಿಟ್ಟಳು. ‘ನೀನು ಹೋಗು ನೆವಿಲ್. ನಾನು ನಿನ್ನ ಕಾಲಿಗೆ ಕಲ್ಲಾಗಲ್ಲ’ ಎಂದಳು. ‘ಹಡಗಿನ ಮೆಟ್ಟಿಲ ಹತ್ರ ಒಂದು ಸಲ ಮನೆಯವರನ್ನ ಕಳಕೊಂಡಿದೀನಿ, ಇನ್ನೊಂದು ಸಲ ನನ್ ಕೈಲಾಗಲ್ಲ’ ಎಂದೆ. ಅವಳು ಬಾಗಿಲು ಹಾಕಿಕೊಂಡಳು. ನಾಲ್ಕು ದಿನದಿಂದ ಐಲೀನ್ ಮೂಲಕವೇ ಮಾತು.

ನಾನು ಬರುವುದಿಲ್ಲ ಎಂದು ಬರೆಯಬೇಕಾಗಬಹುದು. ಅದಕ್ಕೆ ಮೊದಲು, ನೀನು ಅವಳಿಗೊಂದು ಕಾಗದ ಬರೆಯುತ್ತೀಯಾ? ಏನೆಂದು ಬರೆಯಬೇಕೋ ನನಗೆ ತಿಳಿಯದು. ಸಿರಿಲ್ ಅವರಿಗೆ ಹತ್ಯಾರುಗಳ ಪಟ್ಟಿ ಸಿಕ್ಕಿತೆಂದು ಹೇಳು.

ನೆವಿಲ್


ಎಲಿಜಬೆತ್
೩ ಸೆಪ್ಟೆಂಬರ್ ೧೯೬೧

ಪ್ರಿಯ ಬೆರಿಲ್,

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಲ್ಲ. ಹಾಗಾಗಿ ಸಂಕೋಚವಿಲ್ಲದೆ ಬರೆಯುತ್ತೇನೆ.

ಮೊದಲು ಕೆಲಸದ ಮಾತು. ಚಿಕ್ಕಂದಿನಲ್ಲಿ ನಿನಗೆ ಎದೆಯ ಕಾಯಿಲೆ ಏನಾದರೂ ಬಂದಿತ್ತೇ? ನಿನ್ನ ತಾಯಿಯನ್ನು ಕೇಳು. ನಮ್ಮ ಬೀದಿಯಲ್ಲಿ ಲೀಡ್ಸಿನ ಒಬ್ಬಾಕೆ ಇದ್ದಾಳೆ, ಅವಳಿಗೂ ಹೀಗೇ ಆಗಿತ್ತು. ಹಳೆಯ ಎಕ್ಸ್‌ರೇ ಹುಡುಕಿ ಹೊಸದರ ಪಕ್ಕ ಇಟ್ಟು ತೋರಿಸಿದಳು. ಕಲೆ ಹತ್ತು ವರ್ಷದಿಂದ ಬೆಳೆದಿಲ್ಲ ಎಂದಾದರೆ ಅದು ವಾಸಿಯಾದ ಗಾಯ, ರೋಗವಲ್ಲ. ‘ಇಲ್ಲ’ ಎಂದವರನ್ನು ಮೂರು ಸಲ ಕೇಳಬೇಕು. ನಾಚಿಕೊಳ್ಳಬಾರದು.

ಇನ್ನು ನೆವಿಲ್‌ಗೆ ನಾನು ಹೇಳಿಲ್ಲದ್ದು. ಇಲ್ಲಿಗೆ ಬಂದವರು ಎರಡು ವರ್ಷ ಇರಲೇಬೇಕು, ಮೊದಲೇ ಹೊರಟರೆ ಹಡಗಿನ ಪೂರ್ತಿ ಖರ್ಚು ತೆರಬೇಕು. ನಾನು ಆ ಎರಡು ವರ್ಷವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ದಿನ ದಿನ ಹೊಡೆದುಹಾಕಿದೆ. ತಗಡಿನ ಹಾಸ್ಟೆಲ್ಲಿನಲ್ಲಿ ಆರು ತಿಂಗಳು, ಮೂರು ಹೊತ್ತೂ ಕುರಿಮಾಂಸ, ಮುಖದ ಮೇಲೆ ನೊಣ. ಎಲ್ಲರೂ ನಗುವ ಕಡೆ ನನಗೆ ನಗು ಬರುತ್ತಿರಲಿಲ್ಲ. ಬಂದರಿನಲ್ಲಿ ಬೆನ್ನು ತಿರುಗಿಸಿ ಹೋದ ಹುಡುಗನೊಬ್ಬನನ್ನು ಬಿಟ್ಟು ಬೇರೇನೂ ಕಣ್ಣಿಗೆ ಕಾಣುತ್ತಿರಲಿಲ್ಲ. ಎರಡು ವರ್ಷ ಮುಗಿದ ದಿನ ಪೆಟ್ಟಿಗೆ ಕಟ್ಟಿದೆ. ಸಿರಿಲ್ ಕೆಲಸದಿಂದ ಬಂದು ನೋಡಿದ. ಬೇಡ ಅನ್ನಲಿಲ್ಲ. ಪೆಟ್ಟಿಗೆಯ ಮೇಲಿನ ಧೂಳು ಒರೆಸಿದ. ‘ಅಲ್ಲೀಗ ಚಳಿ ಕಣೇ ಹೆಟ್ಟಿ. ಕೋಟಿನ ಗುಂಡಿ ಕಿತ್ತೋಗಿತ್ತಲ್ಲ, ಹೊಲಿದ್ಯಾ?’ ಎಂದ. ಅಷ್ಟೇ. ನಾನು ಗುಂಡಿ ಹೊಲಿದೆ, ಪೆಟ್ಟಿಗೆ ಬಿಚ್ಚಿದೆ.

ಇದನ್ನು ಹೆದರಿಸಲು ಬರೆದದ್ದಲ್ಲ. ಇಲ್ಲಿ ಈಗ ನನಗೆ ನಿಂಬೆಗಿಡ ಇದೆ, ಸ್ನೇಹಿತೆಯರಿದ್ದಾರೆ, ಬೆಳಿಗ್ಗೆ ಎದ್ದರೆ ಆಕಾಶವಿದೆ. ಆದರೆ ಒಬ್ಬರೇ ಬಂದವರು ಅದನ್ನು ಕಾಣಲು ತಡವಾಗುತ್ತದೆ. ನೀನು ಅವನನ್ನು ಒಬ್ಬನನ್ನೇ ಕಳಿಸಿದರೆ ನನಗೆ ಮಗ ಸಿಗುತ್ತಾನೆ, ನಿಜ. ಹಾಗೆ ಸಿಗುವ ಮಗ ನನಗೆ ಬೇಡ. ಉಂಗುರ ಹಾಕಿಕೋ, ಆಸ್ಪತ್ರೆಗೆ ಹೋಗು.

ಹೆಟ್ಟಿ ಪ್ಲಾಕ್ಸ್‌ಟನ್


ಹಲ್
೧೯ ನವೆಂಬರ್ ೧೯೬೧

ಪ್ರಿಯ ಮಿಸೆಸ್ ಪ್ಲಾಕ್ಸ್‌ಟನ್,

ಮೂರು ಸಲವಲ್ಲ, ಆರು ಸಲ ಕೇಳಬೇಕಾಯಿತು.

ನನಗೆ ಒಂಬತ್ತು ವರ್ಷವಾದಾಗ ಎದೆಯಲ್ಲಿ ನೀರು ತುಂಬಿ ಐದು ವಾರ ಆಸ್ಪತ್ರೆಯಲ್ಲಿದ್ದೆನಂತೆ. ಅಮ್ಮ ನನಗೆ ಹೇಳಿಯೇ ಇರಲಿಲ್ಲ. ‘ಹೇಳಿದ್ರೆ ಯಾರು ಮದುವೆಯಾಗ್ತಾರೆ ಅಂತ ಸುಮ್ನಿದ್ದೆ’ ಎಂದು ಈಗ ಅಳುತ್ತಾಳೆ. ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಕನ್ನಡಕದ ಮುದುಕರೊಬ್ಬರು ಕೂತಿದ್ದರು. ‘ನಲವತ್ತೇಳನೇ ಇಸವೀದಾ? ಅದೆಲ್ಲ ಯಾವಾಗ್ಲೋ ಎಸೆದಾಯ್ತಮ್ಮ’ ಎಂದರು. ಪ್ರತಿ ಶನಿವಾರ ಕೆಲಸ ಮುಗಿಸಿ ನೇರ ಅಲ್ಲಿಗೇ ಹೋದೆ, ಮೀನಿನ ಏಪ್ರನ್ನಿನಲ್ಲೇ. ಆರನೇ ಶನಿವಾರ ಅವರು ಮೂಗು ಮುಚ್ಚಿಕೊಂಡು ಎದ್ದರು. ‘ತಾಯೀ, ನೀನು ಬರೋದು ನಿಲ್ಲಿಸ್ತೀಯಾ ಅಂದ್ರೆ ನೆಲಮಾಳಿಗೆ ಹುಡುಕ್ತೀನಿ’ ಎಂದರು. ಸಿಕ್ಕಿತು! ನನ್ನ ಪುಟ್ಟ ಎದೆಗೂಡು, ಬಲಗಡೆ ಅದೇ ಕಲೆ. ಡಾಕ್ಟರು ಎರಡನ್ನೂ ದೀಪಕ್ಕೆ ಹಿಡಿದು, ‘ಕೂದಲೆಳೆಯಷ್ಟೂ ಬದಲಾಗಿಲ್ಲ’ ಎಂದು ಬರೆದುಕೊಟ್ಟರು. ಒಪ್ಪಿಗೆ ಗುರುವಾರ ಬಂತು.

ಡಿಸೆಂಬರ್ ಹದಿನಾರಕ್ಕೆ ಮದುವೆ, ಜನವರಿ ಹನ್ನೊಂದಕ್ಕೆ ಹಡಗು. ನಿಮ್ಮ ಕಾಗದದ ಎರಡನೇ ಭಾಗವನ್ನು ನೆವಿಲ್‌ಗೆ ತೋರಿಸಲಿಲ್ಲ. ಅದು ನಮ್ಮಿಬ್ಬರದು. ಆದರೆ ಸಿರಿಲ್ ಅವರ ಕಾಗದವನ್ನು ಅವನು ಕಿಸೆಯಲ್ಲೇ ಇಟ್ಟುಕೊಂಡು ಓಡಾಡುತ್ತಾನೆ. ಮಡಿಕೆಗಳು ಹರಿದು ಹೋಗಿವೆ. ಅಂಗಡಿಗೆ ಹೋಗಿ ಎಂಟು ಅರ ಕೊಂಡು ತಂದ.

ನಿಮ್ಮ ಬೆರಿಲ್


ಏಡನ್ ಬಂದರು
೨೪ ಜನವರಿ ೧೯೬೨

ಅಮ್ಮನಿಗೆ, ಸಿರಿಲ್ ಅವರಿಗೆ, ಜಾನೆಟ್‌ಗೆ,

ಬಿಸ್ಕೆ ಕೊಲ್ಲಿಯಲ್ಲಿ ಮೂರು ದಿನ ನಾನು ತಲೆ ಎತ್ತಲಿಲ್ಲ, ಬೆರಿಲ್ ಮಾತ್ರ ನನ್ನ ಪಾಲಿನ ಊಟವನ್ನೂ ತಿಂದಳು. ಸೌತಾಂಪ್ಟನ್ನಿನಲ್ಲಿ ಮೆಟ್ಟಿಲ ಬಳಿ ಕಾಲು ಸ್ವಲ್ಪ ನಿಂತುಬಿಟ್ಟಿತ್ತು. ಅದೇ ಜಾಗ. ಬೆರಿಲ್ ಹಿಂದಿನಿಂದ ಹೊಲಿಗೆ ಯಂತ್ರದ ಪೆಟ್ಟಿಗೆಯಲ್ಲಿ ಮಂಡಿಗೊಂದು ತಿವಿದು, ‘ಹತ್ತು ಮಾರಾಯ, ಇದು ಭಾರ’ ಎಂದಳು. ಹತ್ತಿದೆ.

ಹತ್ಯಾರುಗಳು ಗಂಡಸರ ಕೋಣೆಯಲ್ಲಿ ನನ್ನ ಮಂಚದ ಕೆಳಗಿವೆ. ಎರಡು ದಿನಕ್ಕೊಮ್ಮೆ ಬಿಚ್ಚಿ ಎಣ್ಣೆ ಸವರುತ್ತೇನೆ. ಪಕ್ಕದ ಮಂಚದ ಬೇಕರಿಯವನು ನನಗೆ ಹುಚ್ಚು ಎಂದುಕೊಂಡಿದ್ದಾನೆ. ಇಲ್ಲಿ ದೋಣಿಯಲ್ಲಿ ಬಂದು ಗಡಿಯಾರ ಮಾರುತ್ತಾರೆ. ಅವನು ಒಂದು ಕೊಂಡ, ಊಟದ ಹೊತ್ತಿಗೆ ನಿಂತಿತು.

ಫೆಬ್ರವರಿ ಹತ್ತು, ಬೆಳಿಗ್ಗೆ ಬಂದಿಳಿಯುತ್ತೇವೆ.

ನೆವಿಲ್


ಎಲಿಜಬೆತ್
೧೮ ಫೆಬ್ರವರಿ ೧೯೬೨

ಮುದ್ದಿನ ಐಲೀನ್,

ನೀನೂ ಅಮ್ಮನೂ ಅರ್ಜಿ ಹಾಕುವ ಯೋಚನೆ ಮಾಡುತ್ತಿದ್ದೀರೆಂದು ತಿಳಿದು ಕುಣಿದುಬಿಟ್ಟೆ. ಹಡಗಿಗೆ ತೆಳ್ಳನೆಯ ಹತ್ತಿಯ ಲಂಗಗಳನ್ನು ಹೊಲಿಸಿಕೋ. ಸೂಯೆಜ್ ದಾಟಿದ ಮೇಲೆ ಉಣ್ಣೆ ಮೈಗೆ ಅಂಟುತ್ತದೆ. ಅಮ್ಮನಿಗೆ ಶುಂಠಿ ಬಿಸ್ಕತ್ತು ಕಟ್ಟಿಕೋ, ವಾಂತಿಗೆ ಒಳ್ಳೆಯದು. ನಿನ್ನ ಎಕ್ಸ್‌ರೇ ಈಗಲೇ ಮಾಡಿಸು. ಇಲ್ಲಿ ನೆವಿಲ್‌ಗೆ ಸೋಮವಾರದಿಂದ ಕೆಲಸ. ನನ್ನ ಮೂಗು ಸುಟ್ಟು ಸಿಪ್ಪೆ ಏಳುತ್ತಿದೆ. ಕಿತ್ತಳೆ ಇನ್ನೂ ಹಸಿರು, ಜೂನ್ ತನಕ ಕಾಯಬೇಕಂತೆ.

ಬಂದಿಳಿದ ದಿನ ಹೇಗಿತ್ತೆಂದು ಕೇಳಿದ್ದೀಯಲ್ಲ, ಹೇಳುತ್ತೇನೆ.

ಬೇಲಿಯಾಚೆ ನೂರಾರು ಜನ. ಹೆಟ್ಟಿ ಅತ್ತೆಯನ್ನು ನಾನೇ ಮೊದಲು ಗುರುತಿಸಿದೆ. ನೆವಿಲ್‌ನದೇ ಗಲ್ಲ. ಪಕ್ಕದಲ್ಲಿ ಉದ್ದ ಕಾಲಿನ ಜಾನೆಟ್. ನೆವಿಲ್ ಹತ್ಯಾರು ಪೆಟ್ಟಿಗೆ ಕೆಳಗಿಟ್ಟ. ಅತ್ತೆ ಅವನ ಕೋಟಿನ ತೋಳು ಹಿಡಿದುಕೊಂಡರು. ಆಮೇಲೆ ಅಳು ಶುರುವಾಯಿತು ನೋಡು. ನಾಲ್ಕೂವರೆ ವರ್ಷದ್ದು ಒಟ್ಟಿಗೆ. ಟೋಪಿ ವಾರೆಯಾಯಿತು, ಕೈಚೀಲ ಬಿತ್ತು. ನೆವಿಲ್ ‘ಆಯ್ತಮ್ಮ, ಆಯ್ತು, ಬಂದ್ನಲ್ಲ’ ಎನ್ನುತ್ತ ಬೆನ್ನು ತಟ್ಟುತ್ತಿದ್ದ. ನಿಲ್ಲಲೇ ಇಲ್ಲ. ಅವನ ಕಣ್ಣು ಮಾತ್ರ ಜನರ ನಡುವೆ ಯಾರನ್ನೋ ಹುಡುಕುತ್ತಿತ್ತು.

ಕೊನೆಗೆ ಜಾನೆಟ್‌ಳನ್ನು ಕೇಳಿದ. ‘ಅವರು ಬರ್ಲಿಲ್ವಾ?’

‘ಬಂದಿದಾರೆ. ಲಾರೀಲೇ ಕೂತಿದಾರೆ. ಇದು ಅಮ್ಮಂದು ನೆವಿಲ್‌ದು ಹೊತ್ತು, ನಾನ್ಯಾಕೆ ಮಧ್ಯ ಅಂದ್ರು.’

ಬಂದರಿನ ಗೋಡೆಯ ನೆರಳಿನಲ್ಲಿ ಒಂದು ಹಸಿರು ಪುಟ್ಟ ಲಾರಿ. ಒಳಗೊಬ್ಬರು ಮಡಿಸಿದ ಪತ್ರಿಕೆ ಹಿಡಿದು ಕೂತಿದ್ದರು. ಓದುತ್ತಿರಲಿಲ್ಲ, ದೂರದಿಂದಲೇ ಗೊತ್ತಾಗುತ್ತಿತ್ತು. ಕತ್ತಿನವರೆಗೆ ಗುಂಡಿ ಹಾಕಿದ ಬಿಳಿ ಅಂಗಿ, ಆ ಬಿಸಿಲಿನಲ್ಲಿ! ನೆವಿಲ್ ನಡೆದು ಹೋದ. ಏನಾಗುತ್ತದೋ ಎಂದು ನಾನೂ ಹಿಂದೆ ಹೋದೆ. ಅವರು ನೋಡಿದರು, ಪತ್ರಿಕೆ ಕೆಳಗಿಟ್ಟರು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ಬಲಗಡೆ ಎಡಗಡೆ ಎರಡೂ.

ನೆವಿಲ್ ಲಾರಿಯ ಬಾಗಿಲು ತೆಗೆದ.

‘ಬಾ, ಇಳಿ’ ಎಂದ. ‘ಅಮ್ಮ ಅಳು ನಿಲ್ಲಿಸ್ತಾ ಇಲ್ಲ. ನನ್ನೊಬ್ಬನ ಕೈಲಿ ಆಗಲ್ಲ.’

ಅವರು ಇಳಿದರು. ಇಬ್ಬರೂ ಜೊತೆಯಾಗಿ ಬೇಲಿಯ ಕಡೆಗೆ ನಡೆದರು, ಏನೋ ಅವಸರದ ಕೆಲಸಕ್ಕೆ ಹೋಗುವವರ ಹಾಗೆ. ಲಾರಿಯ ಬಾಗಿಲು ಹಾಗೇ ತೆರೆದಿತ್ತು. ನಾನು ಅದನ್ನು ಹಾಕಿ, ಹತ್ಯಾರು ಪೆಟ್ಟಿಗೆ ತರಲು ಹೋದೆ.

ಬೇಗ ಬನ್ನಿ.

ನಿನ್ನ ಅಕ್ಕ,
ಬೆರಿಲ್